ಎಡಗಡೆ ಹಿಂದಿನ ಸೀಟಿನ ಸದ್ದು

ತಕ್ಕಡಿ ಸಾಹೇಬರು ಆ ಕಾರನ್ನು ಕೊಂಡಾಗ, ಅದನ್ನು ಯಾರೋ ಬೇಕೆಂದೇ ತಗ್ಗಿಸಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದ ಕಾರು, ವಯಸ್ಸಾಗಿ ಒಂದಿಷ್ಟು ಕುಗ್ಗಿದೆ ಎಂದುಕೊಂಡರು. ಮನುಷ್ಯರೇ ಕುಗ್ಗುತ್ತಾರೆ, ಇನ್ನು ಕಾರಿನ ಪಾಡೇನು ಎಂದು ಹೆಂಡತಿಗೆ ಸಮಾಧಾನ ಹೇಳಿ, ನೆಲಕ್ಕೂ ತನಗೂ ನಾಲ್ಕೇ ಬೆರಳು ಅಂತರ ಇಟ್ಟುಕೊಂಡು ಓಡುವ ಆ ವಾಹನವನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಎದುರುಮನೆಯ ಹಲ್ಲಿನ ಡಾಕ್ಟರು ಗೇಟಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಇದು ರೇಸ್ ಹುಚ್ಚಿನ ಹುಡುಗರು ಓಡಿಸೋ ಗಾಡಿ ಅಲ್ವಾ? ಸ್ಪ್ರಿಂಗ್ ಕತ್ತರಿಸಿ ಇಳಿಸಿರ್ತಾರೆ" ಎಂದರು. ಸಾಹೇಬರು ಒಂದು ಕ್ಷಣವೂ ತಡೆಯದೆ, "ಗೊತ್ತು, ಅದಕ್ಕೇ ತಗೊಂಡೆ" ಎಂದುಬಿಟ್ಟರು. ಮುಂದೆ ನಡೆದದ್ದಕ್ಕೆಲ್ಲ ಈ ಮೂರು ಮಾತೇ ಮೂಲ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಎಣ್ಣೆ ಅಳೆಯುವ ಪಾತ್ರೆ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಇಪ್ಪತ್ತೆಂಟು ವರ್ಷದಿಂದ ಅವರ ಉದ್ಯೋಗ. ತಕ್ಕಡಿ ಸಾಹೇಬರು ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಈ ಉದ್ಯೋಗದಿಂದ ಅವರಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಯಾರನ್ನು ನೋಡಿದರೂ ಮನಸ್ಸಿನಲ್ಲೇ ತೂಗಿಬಿಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಅಕ್ಕನನ್ನು ನೋಡಿ "ಎಪ್ಪತ್ತೆರಡು ಇರಬೇಕಲ್ಲ?" ಎಂದು ವಿನಯದಿಂದ ಕೇಳಿ, ಆ ಕುಟುಂಬದಲ್ಲಿ ತಮ್ಮ ಸ್ಥಾನವನ್ನು ಮೊದಲ ವಾರದಲ್ಲೇ ಖಾಯಂ ಮಾಡಿಕೊಂಡಿದ್ದರು.

ಆ ಸ್ಥಾನ ಯಾವುದೆಂದರೆ, "ಪಾಪ". ಅತ್ತೆಗೆ ಇಬ್ಬರೇ ಹೆಣ್ಣುಮಕ್ಕಳು, ಹಾಗಾಗಿ ಇಬ್ಬರೇ ಅಳಿಯಂದಿರು. ದೊಡ್ಡಳಿಯನ ಮಾತು ಬಂದರೆ ಅತ್ತೆ "ಸಮರ್ಥರು" ಎನ್ನುತ್ತಿದ್ದರು. ಚಿಕ್ಕಳಿಯನ ಮಾತು ಬಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಾ? ಪಾಪ" ಎನ್ನುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಮೇಲೂ ಈ ಪಾಪ ಸಾಹೇಬರ ಬೆನ್ನು ಬಿಟ್ಟಿರಲಿಲ್ಲ. ಊರಿನ ತಕ್ಕಡಿಗಳನ್ನೆಲ್ಲ ಸರಿಮಾಡಿದ ಮನುಷ್ಯ ತನ್ನ ಅತ್ತೆಯ ತಕ್ಕಡಿಯಲ್ಲಿ ಮಾತ್ರ ಮೇಲಕ್ಕೇ ನಿಂತಿದ್ದ. ಒಂದೇ ಒಂದು ಸಲ ಅವರ ಬಾಯಲ್ಲಿ ಬೇರೆ ಮಾತು ಕೇಳಬೇಕೆಂಬುದು ಸಾಹೇಬರ ಜೀವನದ ಆಸೆ. ಬಡ್ತಿಯ ಆಸೆ ಕೂಡ ಇದರ ನಂತರವೇ.

ದೊಡ್ಡಳಿಯ, ಅಂದರೆ ಸಾಹೇಬರ ಷಡ್ಡಕರ ಬಳಿ ಇದ್ದದ್ದು ಆಳೆತ್ತರದ ಕಾರು. ಅದನ್ನು ಹತ್ತಲು ಅತ್ತೆಗೆ ಒಂದು ಮರದ ಸ್ಟೂಲು ಬೇಕು, ಹಿಡಿದುಕೊಳ್ಳಲು ಇಬ್ಬರು ಬೇಕು. ಎಪ್ಪತ್ತೊಂದರ ವಯಸ್ಸು, ಎರಡೂ ಮಂಡಿ ಮುಷ್ಕರ ಹೂಡಿದ್ದವು. ಅತ್ತೆ ಆರು ತಿಂಗಳು ದೊಡ್ಡ ಮಗಳ ಮನೆ, ಆರು ತಿಂಗಳು ಚಿಕ್ಕ ಮಗಳ ಮನೆ ಎಂದು ಇರುತ್ತಿದ್ದವರು. ಈ ಸಲ ಅತ್ತೆಯನ್ನು ಕರೆತರಲು ಹೋದಾಗ ಷಡ್ಡಕರು ಸಾಹೇಬರ ಕಾರಿನ ಮೇಲ್ಛಾವಣಿಯ ಮೇಲೆ ಮೊಣಕೈ ಊರಿಕೊಂಡು ನಿಂತು, "ಇದರೊಳಗೆ ಕೂರ್ತಾರೋ, ಮಲಗ್ತಾರೋ?" ಎಂದು ಕೇಳಿದರು. ಸಾಹೇಬರಿಗೆ ಎಲ್ಲಿಂದ ಹೊಳೆಯಿತೋ, "ಅತ್ತೆಯ ಮಂಡಿಗೋಸ್ಕರವೇ ತಗ್ಗಿಸಿದ್ದು ಭಾವ. ಹೊಸ ಸಸ್ಪೆನ್ಶನ್ ಹಾಕ್ಸಿದೀನಿ. ಕಾಲೆತ್ತೋ ಕೆಲಸವೇ ಇಲ್ಲ" ಎಂದರು.

ಅರ್ಧ ನಿಜ. ಕತ್ತರಿಸಿದ ಸ್ಪ್ರಿಂಗಿನ ಮೇಲೆ ಕೂತರೆ ರಸ್ತೆಯ ಒಂದೊಂದು ಕಲ್ಲಿನ ಪರಿಚಯವೂ ಬೆನ್ನುಮೂಳೆಗೆ ಆಗುತ್ತಿತ್ತು. ಅದನ್ನು ತಾಳಲಾರದೆ ಸಾಹೇಬರು ಹಿಂದಿನ ವಾರವಷ್ಟೇ ಮೇಸ್ತ್ರಿಯ ಗ್ಯಾರೇಜಿನಲ್ಲಿ, ಎತ್ತರ ತಗ್ಗು ಬೇಕಾದ ಹಾಗೆ ತಿರುಗಿಸಿಕೊಳ್ಳುವ ಹೊರಗಿನ ಕಂಪನಿಯ ಸಸ್ಪೆನ್ಶನ್ ಹಾಕಿಸಿದ್ದರು. ತಗ್ಗನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದರು, ಎದುರುಮನೆ ಡಾಕ್ಟರಿಗೆ ಕೊಟ್ಟ ಮಾತು ಇತ್ತಲ್ಲ. ಅತ್ತೆ ನಿಜಕ್ಕೂ ಕಾಲೆತ್ತದೆ ಕಾರೊಳಗೆ ಜಾರಿ ಕೂತರು. ಇಳಿಯುವಾಗ ಎಬ್ಬಿಸಲು ಇಬ್ಬರು ಬೇಕಾದರು. ಅದನ್ನು ನೋಡಲು ಷಡ್ಡಕರು ಅಲ್ಲಿರಲಿಲ್ಲ ಎಂಬುದೇ ಸಾಹೇಬರ ಪುಣ್ಯ.

ಅದೇ ದಿನ ಸದ್ದೂ ಶುರುವಾಯಿತು.

ಊರೊಳಗೆ ಬಂದು ಹಳೇ ಅಂಚೆ ಕಚೇರಿ ದಾಟುವಾಗ ಹಿಂದಿನ ಎಡಗಡೆ ಚಕ್ರದ ಹತ್ತಿರ "ಗರ್‌ರ್‌ರ್" ಎಂದಿತು. ಒಣಗಿದ ಮೆಣಸಿನಕಾಯಿ ಬೀಸಿದ ಹಾಗೆ. ಸಾಹೇಬರು ತಟ್ಟನೆ ವೇಗ ತಗ್ಗಿಸಿದರು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಕಿಟಕಿಗೆ ಬಗ್ಗಿ ಕಣ್ಣು ಮುಚ್ಚಿ ನಗುತ್ತಿದ್ದರು. ಅಳಿಯನ ಕಾರಿನ ಮಾನ ಕಾಯುವ ದೊಡ್ಡತನ ಎಂದುಕೊಂಡು ಸಾಹೇಬರು ನಾಚಿಕೆಯಿಂದ ಬೆವರಿದರು. ಮನೆ ಸೇರುವುದರೊಳಗೆ ಇನ್ನೂ ಎರಡು ಸಲ ಸದ್ದು ಬಂತು. ಅತ್ತೆ ಇಳಿದ ಮೇಲೆ ಸಾಹೇಬರು ಒಬ್ಬರೇ ಅದೇ ದಾರಿಯಲ್ಲಿ ಮತ್ತೆ ಹೋಗಿ ಬಂದರು. ಕಾರು ತುಟಿ ಪಿಟಕ್ಕೆನ್ನಲಿಲ್ಲ.

ಮೇಸ್ತ್ರಿ ತೆಳ್ಳನೆಯ ಮನುಷ್ಯ, ಸಾಹೇಬರ ಕಣ್ಣಳತೆಯಲ್ಲಿ ನಲವತ್ತೊಂಬತ್ತು ಕಿಲೋ, ಸ್ಪಾನರ್ ಸೇರಿ. ಕಾರನ್ನು ಜಾಕ್ ಮೇಲೆ ಎತ್ತಿ ಬ್ರೇಕು ಬಿಚ್ಚಿದ, ಬೇರಿಂಗು ತಿರುಗಿಸಿದ, ಮೇಲಿನ ನಟ್ಟು ಬಿಗಿ ಮಾಡಿದ, ಸ್ಪ್ರಿಂಗು ತನ್ನ ತಟ್ಟೆಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಟಾರ್ಚು ಬಿಟ್ಟು ನೋಡಿದ, ಸೈಲೆನ್ಸರನ್ನು ಅಲ್ಲಾಡಿಸಿದ. ಚಕ್ರವನ್ನು ಕೈಯಿಂದ ಸುತ್ತಿಸಿದರೆ ಸದ್ದೇ ಇಲ್ಲದೆ ಸುತ್ತಿತು.

"ಗಾಡಿ ಚೆನ್ನಾಗಿದೆಯಲ್ಲ ಸಾಹೇಬ್ರೆ" ಎಂದ.

"ಅತ್ತೆ ಕೂತಾಗ ಮಾತ್ರ ಬರುತ್ತೆ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಯೋಚನೆ ಮಾಡಿದ. "ಹಾಗಾದ್ರೆ ಭಾರಕ್ಕೆ ಬರೋ ಸದ್ದು. ಅವರನ್ನ ಗ್ಯಾರೇಜಿಗೆ ಕರ್ಕೊಂಡು ಬನ್ನಿ."

"ಅದೆಲ್ಲ ಆಗೋ ಮಾತಲ್ಲ. ನೀವು ಕೂತ್ರೆ ನನ್ನ ಕಾರು ಹಲ್ಲು ಕಡಿಯುತ್ತೆ ಅಂತ ಅತ್ತೆಗೆ ಹೇಗೆ ಹೇಳೋದು?"

"ಹಾಗಾದ್ರೆ ಅವರಷ್ಟೇ ಭಾರ ಬೇರೆ ಏನಾದ್ರೂ ತನ್ನಿ. ಮರಳಿನ ಚೀಲ, ಸಿಮೆಂಟು, ಏನೋ ಒಂದು."

ಬೇರೆ ಯಾರೇ ಆಗಿದ್ದರೂ ಮರಳಿನ ಚೀಲವನ್ನೇ ತಂದಿರುತ್ತಿದ್ದರು. ಆದರೆ ಇಪ್ಪತ್ತೆಂಟು ವರ್ಷ ಸರ್ಕಾರದ ತೂಕ ಕಾದ ಮನುಷ್ಯನಿಗೆ ಅಂದಾಜಿನ ಮರಳು ಹೇಗೆ ಒಗ್ಗೀತು? ಸಾಹೇಬರು ಆ ಸಂಜೆ ಅತ್ತೆ ಕಾಫಿ ಕುಡಿಯುತ್ತಿರುವಾಗ ಬಾಗಿಲ ಮರೆಯಿಂದ ಕಣ್ಣು ಕಿರಿದು ಮಾಡಿ ನೋಡಿ, ಅರವತ್ತೇಳೂವರೆ ಎಂದು ನಿರ್ಧರಿಸಿದರು. ಮರುದಿನ ತಪಾಸಣೆಗೆಂದು ಪುಸ್ತಕದಲ್ಲಿ ಬರೆದು ಕಚೇರಿಯಿಂದ ಪ್ರಮಾಣದ ಬಟ್ಟುಗಳನ್ನು ಹೊರತಂದರು. ಇಪ್ಪತ್ತು ಕಿಲೋದ್ದು ಮೂರು, ಐದರದ್ದು ಒಂದು, ಎರಡರದ್ದು ಒಂದು, ಅರ್ಧ ಕಿಲೋದ್ದು ಒಂದು. ಹೊಳೆಯುವ ಆ ಬಟ್ಟುಗಳನ್ನು ಹಿಂದಿನ ಎಡಗಡೆ ಸೀಟಿನಲ್ಲಿ ಒಂದರ ಮೇಲೊಂದು ಜೋಡಿಸಿ, ಜಾರಬಾರದೆಂದು ಸೀಟ್ ಬೆಲ್ಟ್ ಹಾಕಿದರು. ಹೆಂಡತಿ ಬಾಗಿಲಲ್ಲಿ ನಿಂತು, "ಯಾರ್ರೀ ಅದು?" ಎಂದು ಕೇಳಿದಳು. ಸಾಹೇಬರು "ಕಚೇರಿ ಕೆಲಸ" ಎಂದು ಹೇಳಿ ಗಾಡಿ ಬಿಟ್ಟರು.

ಪೇಟೆ ಬೀದಿಯಲ್ಲಿ ಅವರ ಕಾರು ನಿಧಾನವಾಗಿ ಹೋಯಿತು. ಸಾಹೇಬರು ಕಿವಿಯನ್ನು ಹಿಂದಕ್ಕೆ ಇಟ್ಟುಕೊಂಡಿದ್ದರು. ಈರುಳ್ಳಿ ಮಂಡಿಯವನು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತ ಸರ್ಕಾರದ ಬಟ್ಟುಗಳನ್ನು ನೋಡಿ, ತಕ್ಕಡಿಯ ತಟ್ಟೆಯ ಕೆಳಗಿದ್ದ ಅಯಸ್ಕಾಂತವನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಕಾರು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಹೊಡೆಯಿತು. ಸದ್ದು ಬರಲಿಲ್ಲ. ಬಟ್ಟುಗಳು ಗಂಭೀರವಾಗಿ ಕೂತು ಊರು ನೋಡಿಕೊಂಡು ಬಂದವು.

ಇನ್ನು ದಾರಿ ಒಂದೇ. ಸಾಹೇಬರು ಒಂದು ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು, "ಅತ್ತೆ, ನೀವು ಮೊದಲು ಇದ್ದ ಊರಲ್ವಾ ಇದು. ಒಂದು ಸುತ್ತು ಹೋಗಿ ಬರೋಣ್ವಾ?" ಎಂದರು. ಹಿಡಿದ ಪತ್ರಿಕೆ ಅತ್ತೆಯ ಕೈಯಲ್ಲೇ ನಿಂತಿತು. ಮಂಡಿ ಕೆಟ್ಟ ಮೇಲೆ ಅವರು ಮನೆಯ ಗೇಟು ದಾಟಿದ್ದೇ ಅಪರೂಪ. ಬಸ್ಸಿನ ಮೆಟ್ಟಿಲು ಎತ್ತರ, ದೊಡ್ಡಳಿಯನ ಕಾರು ಇನ್ನೂ ಎತ್ತರ. ಎಲ್ಲಿಗಾದರೂ ಹೋಗೋಣವೇ ಎಂದು ಅವರನ್ನು ಕೇಳಿದವರು ಯಾರೂ ಇರಲಿಲ್ಲ. ಅತ್ತೆ ಎದ್ದು, ಸೀರೆ ಬದಲಾಯಿಸಿ, ಕನ್ನಡಕ ಒರೆಸಿ, ಕೈಚೀಲ ಹಿಡಿದು ಬಂದರು. ಹೆಂಡತಿ ಗಂಡನನ್ನು ಒಳಗೆ ಕರೆದು, "ನಿಮಗೆ ಇಷ್ಟು ಒಳ್ಳೆ ಬುದ್ಧಿ ಯಾವಾಗ ಬಂತು?" ಎಂದು ಕೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಸಾಹೇಬರು ಅವಳ ಕಣ್ಣು ನೋಡಲಾರದೆ ಕೀಲಿ ಹುಡುಕುವ ನೆಪ ಮಾಡಿದರು. ಆದರೂ ಕಾರು ಹೊರಡಿಸಿದರು.

ಹಳೇ ಅಂಚೆ ಕಚೇರಿಯ ಹತ್ತಿರ ಅತ್ತೆ, "ಸ್ವಲ್ಪ ಎಡಕ್ಕೆ ತಗೊಳ್ಳಿ" ಎಂದರು. ಗರ್‌ರ್‌ರ್. ಸಾಹೇಬರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

"ಇದು ನಾಲ್ಕನೇ ನಂಬರ್ ಬಸ್ಸಿನ ಸ್ಟಾಪು" ಎಂದರು ಅತ್ತೆ. "ನಿಮ್ಮ ಮಾವನವರು ಓಡಿಸ್ತಿದ್ರಲ್ಲ."

ಮಾವನವರು ತೀರಿಕೊಂಡು ಹದಿನಾರು ವರ್ಷ. ಅವರು ಬಸ್ ಡ್ರೈವರ್ ಆಗಿದ್ದರೆಂದು ಸಾಹೇಬರಿಗೆ ಗೊತ್ತಿತ್ತು, ಅವರ ಬಸ್ಸು ಇದೇ ಬೀದಿಗಳಲ್ಲಿ ಓಡಿತ್ತೆಂಬುದು ಗೊತ್ತಿರಲಿಲ್ಲ. ಅತ್ತೆ ಹೇಳುತ್ತಾ ಹೋದರು. ಹನ್ನೊಂದು ವರ್ಷ ಮಧ್ಯಾಹ್ನದ ಊಟದ ಡಬ್ಬಿಯನ್ನು ತಾವೇ ತಂದು ಬಸ್ಸಿಗೆ ಕೊಡುತ್ತಿದ್ದರಂತೆ. ಅಡುಗೆ ತಡವಾಗಿ ಮನೆ ಹತ್ತಿರದ ಸ್ಟಾಪಿನಲ್ಲಿ ಬಸ್ಸು ತಪ್ಪಿದರೆ, ಸಂದಿಯಲ್ಲಿ ನುಗ್ಗಿ ಮುಂದಿನ ಸ್ಟಾಪಿಗೆ ಓಡುತ್ತಿದ್ದರಂತೆ. ಅಲ್ಲೂ ತಪ್ಪಿದರೆ ಅದರ ಮುಂದಿನದಕ್ಕೆ. ಬಸ್ಸು ಬಳಸು ದಾರಿ, ತಾವು ಅಡ್ಡದಾರಿ. "ಏಳು ಸ್ಟಾಪಲ್ಲಿ ಒಂದರಲ್ಲಾದ್ರೂ ಹಿಡೀತಿದ್ದೆ. ಅವರು ಹಸ್ಕೊಂಡು ಬಸ್ ಓಡಿಸಿದ ದಿನ ಒಂದೂ ಇಲ್ಲ" ಎಂದರು. ಡಬ್ಬಿಯನ್ನು ಬಾಗಿಲಲ್ಲಿ ಕಂಡಕ್ಟರ್ ಕೈಗೆ ಕೊಟ್ಟು, ಬಸ್ಸಿನ ಮೈ ಮೇಲೆ ಅಂಗೈಯಿಂದ ಎರಡು ಸಲ ತಟ್ಟಬೇಕು. ಡ್ರೈವರ್ ಮಹಾಶಯರು ಕನ್ನಡಿಯಲ್ಲಿ ಒಮ್ಮೆ ನೋಡುತ್ತಾರೆ, ಬಸ್ಸು ಹೊರಡುತ್ತದೆ. "ಮಾತಿಲ್ಲ ಕತೆಯಿಲ್ಲ. ಕನ್ನಡಿಯಲ್ಲಿ ಒಂದು ಸಲ ನೋಡೋರು, ಅಷ್ಟೇ."

ಮೇಸ್ತ್ರಿ ಹೇಳಿದ್ದ ಪರೀಕ್ಷೆಗೆ ಒಂದು ದಿನ ಸಾಕಿತ್ತು. ಸಾಹೇಬರು ಹದಿನೆಂಟು ದಿನ ಸುತ್ತಿಸಿದರು. ಸದ್ದಿನ ಕಾರಣ ಸಿಗಲಿಲ್ಲ ಎಂಬುದು ಅವರು ತಮಗೆ ತಾವೇ ಹೇಳಿಕೊಂಡ ಕಾರಣ. ಕಚೇರಿ ಬಿಟ್ಟೊಡನೆ ಮನೆಗೆ ಬರುವರು, ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಗೇಟಿನಲ್ಲಿ ನಿಂತಿರುವರು. ಎದುರುಮನೆ ಡಾಕ್ಟರ ಹೆಂಡತಿ ಇದನ್ನು ನೋಡಿ ನೋಡಿ, "ಅಳಿಯ ಅಂದ್ರೆ ಅವರು. ನಿಮಗೆ ನನ್ನಮ್ಮನ ಹಲ್ಲೂ ನೋಡೋಕೆ ಪುರುಸೊತ್ತಿಲ್ಲ" ಎಂದು ಡಾಕ್ಟರಿಗೆ ದಿನಾ ಚುಚ್ಚತೊಡಗಿದರು. ಡಾಕ್ಟರು ಸಾಹೇಬರನ್ನು ಕಂಡರೆ ಗೇಟು ಹಾಕಿಕೊಳ್ಳತೊಡಗಿದರು. ಹನ್ನೆರಡನೆಯ ದಿನ ಅತ್ತೆ ಫೋನಿನಲ್ಲಿ ದೊಡ್ಡ ಮಗಳಿಗೆ, "ಮಗ ಇದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ ಬಿಡು" ಎಂದದ್ದನ್ನು ಸಾಹೇಬರು ಪಕ್ಕದ ಕೋಣೆಯಿಂದ ಕೇಳಿಸಿಕೊಂಡರು. ಇಪ್ಪತ್ತನಾಲ್ಕು ವರ್ಷ ಕಾದ ಮಾತು ಅದು. ಬಂದದ್ದು ಹೀಗೆ, ಕಳ್ಳತೂಕದಲ್ಲಿ. ಸಾಹೇಬರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಇತ್ತ ಪೇಟೆ ಬೀದಿಯಲ್ಲಿ ಬೇರೆಯೇ ಕತೆ ಬೆಳೆಯುತ್ತಿತ್ತು. ಮೊದಲು ಬಟ್ಟುಗಳು ಬಂದವು. ಆಮೇಲೆ ಅದೇ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು. ಕಾರು ನಡೆದು ಹೋಗುವವರಷ್ಟೇ ನಿಧಾನ, ಆ ಹೆಂಗಸು ಕಿಟಕಿಯಿಂದ ಮೈ ಬಗ್ಗಿಸಿ ಒಂದೊಂದು ಅಂಗಡಿಯನ್ನೂ ಕನ್ನಡಕದ ಮೇಲಿನಿಂದ ದಿಟ್ಟಿಸುತ್ತಾರೆ, ತುಟಿಯಲ್ಲೇ ಏನೋ ಎಣಿಸುತ್ತಾರೆ, ಒಮ್ಮೊಮ್ಮೆ ನಗುತ್ತಾರೆ. ಮೇಲಿನ ಕಚೇರಿಯಿಂದ ಗುಪ್ತ ತಪಾಸಣೆಗೆ ಬಂದ ಅಧಿಕಾರಿಣಿ ಎಂದು ಈರುಳ್ಳಿ ಮಂಡಿಯವನು ಘೋಷಿಸಿದ. "ಆ ನಗು ನೋಡಿದ್ರಾ? ಬರಕೊಂಡಾಯ್ತು ಅಂತ ಅರ್ಥ" ಎಂದು ಬಟ್ಟೆ ಅಂಗಡಿಯವನು ವ್ಯಾಖ್ಯಾನ ಮಾಡಿ, ತನ್ನ ಮೀಟರು ಕೋಲನ್ನು ಬದಲಾಯಿಸಿದ. ಒಂದೇ ವಾರದಲ್ಲಿ ಪೇಟೆಯ ತೂಕವೆಲ್ಲ ನೆಟ್ಟಗಾಯಿತು. ಒಂದು ಕಿಲೋ ಕೊಂಡವರ ಮನೆಯಲ್ಲಿ ಒಂದು ಕಿಲೋ ಸಿಗತೊಡಗಿ, ಜನ ಏನೋ ಮೋಸವಿದೆ ಎಂದು ಗಾಬರಿಯಾದರು.

ಸುದ್ದಿ ಕೊನೆಗೆ ಉಪನಿಯಂತ್ರಕರ ಕಿವಿಗೆ ಬಿತ್ತು. ಅವರು ಸಾಹೇಬರ ಮೇಲಧಿಕಾರಿ, ಅವರ ಮೇಜಿನ ಮೇಲೆ ಹೂದಾನಿಯ ಹಾಗೆ ಅಲಂಕಾರಕ್ಕೆ ಇಟ್ಟ ಒಂದು ತಕ್ಕಡಿ ಕೂಡ ಒಂದು ಕಡೆಗೆ ವಾಲಿತ್ತು. ತಮಗೆ ತಿಳಿಸದೆ ಮೇಲಿನವರು ಬಂದಿದ್ದಾರೆ, ತಮ್ಮ ಕೈಕೆಳಗಿನವನೇ ಅವರನ್ನು ಊರೆಲ್ಲ ಸುತ್ತಿಸುತ್ತಿದ್ದಾನೆ! ಅವರು ಮೂರು ದಿನ ನಿದ್ದೆಗೆಟ್ಟು, ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕೈಯಲ್ಲೊಂದು ಹೂಗುಚ್ಛ ಹಿಡಿದು, ಗಡಿಯಾರದ ವೃತ್ತದ ಹತ್ತಿರ ಕಾದು ನಿಂತರು. ಅದು ನಾಲ್ಕನೇ ನಂಬರ್ ಬಸ್ಸಿನ ಏಳನೆಯ ಸ್ಟಾಪು.

ಆ ದಿನವೇ ಮೇಸ್ತ್ರಿಯೂ ಕಾರಿನಲ್ಲಿದ್ದ. ಸದ್ದು ಬರುವ ಏಳು ಜಾಗದ ಪಟ್ಟಿ ಕೈಗಿಟ್ಟರೂ ತಲೆಬುಡ ತಿಳಿಯದೆ, "ಗಾಡಿಗೆ ಜಾಗದ ನೆನಪಿರಲ್ಲ ಸಾಹೇಬ್ರೆ, ನಾನೇ ಬಂದು ಕೇಳ್ತೀನಿ" ಎಂದು ಹೊರಟಿದ್ದ. ಅತ್ತೆಗೆ "ಗೆಳೆಯ, ಅದೇ ದಾರಿಯಲ್ಲಿ ಇಳೀತಾನೆ" ಎಂದು ಪರಿಚಯ ಮಾಡಿಸಿದ್ದಾಗಿತ್ತು. ಆ ಗೆಳೆಯ ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಮಂಡಿಯೂರಿ, ಕುತ್ತಿಗೆ ಚಾಚಿ ಹಿಂದಿನ ಚಕ್ರದ ಕಡೆಗೆ ಕಿವಿ ಕೊಟ್ಟು ಕೂತಿದ್ದನ್ನು ಅತ್ತೆ ಏನೆಂದು ತಿಳಿದರೋ, ಏನೂ ಕೇಳಲಿಲ್ಲ.

ಗಡಿಯಾರದ ವೃತ್ತ ಬಂತು. ಅತ್ತೆ ಎಂದಿನಂತೆ ಕಿಟಕಿಗೆ ಬಗ್ಗಿದರು. ಗರ್‌ರ್‌ರ್. ಅದೇ ಹೊತ್ತಿಗೆ ಉಪನಿಯಂತ್ರಕರು ಕಾರಿಗೆ ಅಡ್ಡ ಬಂದು, ಕಿಟಕಿಯಲ್ಲಿ ಹೂಗುಚ್ಛ ತೂರಿಸಿ, "ಮೇಡಂ, ತಾವು ಬಂದಿರೋದು ತಿಳಿದಿದ್ರೆ ನಾನೇ ಖುದ್ದಾಗಿ..." ಎಂದರು. ಬೀದಿಯ ಅಂಗಡಿಯವರೆಲ್ಲ ಮೆಟ್ಟಿಲಿಗೆ ಬಂದು ಕೈಕಟ್ಟಿ ನಿಂತರು. ಅತ್ತೆ ಹೂಗುಚ್ಛವನ್ನು ನೋಡಿದರು, ಅಳಿಯನನ್ನು ನೋಡಿದರು. ಅಳಿಯ ಸ್ಟಿಯರಿಂಗನ್ನು ನೋಡಿದರು.

ಆಗ ಮೇಸ್ತ್ರಿಗೆ ಜ್ಞಾನೋದಯವಾಯಿತು.

"ಸಿಕ್ತು ಸಾಹೇಬ್ರೆ!" ಎಂದು ಸೀಟಿನ ಮೇಲೆ ಕುಣಿದ. "ಬಸ್ಸುಗಳು ನಿಂತು ನಿಂತು ಇಲ್ಲಿ ರಸ್ತೆ ಎಡಗಡೆಗೆ ಗುಂಡಿ ಬಿದ್ದಿದೆ. ಗಾಡಿ ಮೊದಲೇ ತಗ್ಗು. ಅಮ್ಮನೋರು ಬಗ್ಗಿದ್ರು ಅಂದ್ರೆ ಟೈರು ಮೇಲಿನ ತಗಡಿನ ಅಂಚಿಗೆ ತಾಗುತ್ತೆ. ಸುಮ್ನೆ ಕೂತ್ರೆ ತಾಗಲ್ಲ. ಅದಕ್ಕೇ ನೀವು ಇವರ ಬದಲು ಅರವತ್ತೇಳೂವರೆ ಕಿಲೋ ಬಟ್ಟು ಕೂರಿಸಿದಾಗ ಸದ್ದು ಬರಲಿಲ್ಲ. ಇವರನ್ನೇ ಕೂರಿಸಿ ಹದಿನೆಂಟು ದಿನ ಸುತ್ತಿಸಿದ್ದು ಒಳ್ಳೇದೇ ಆಯ್ತು!"

ಉಪನಿಯಂತ್ರಕರು, "ಬದಲು ಬಟ್ಟು ಅಂದ್ರೆ? ಇವರು ಯಾರು ಹಾಗಾದ್ರೆ?" ಎಂದು ಕೇಳಿದರು.

"ನನ್ನ ಅತ್ತೆ ಸಾರ್" ಎಂದರು ಸಾಹೇಬರು. ಇಷ್ಟು ವರ್ಷದಲ್ಲಿ ಆ ಮಾತನ್ನು ಅವರು ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದಿಲ್ಲ.

ಉಪನಿಯಂತ್ರಕರು ಹೂಗುಚ್ಛ ವಾಪಸು ತೆಗೆದುಕೊಂಡರು. ಸರ್ಕಾರದ ಬಟ್ಟುಗಳಿಗೆ ಊರು ತೋರಿಸಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕೆಂದು ಅಲ್ಲೇ ನಿಂತು ಆಜ್ಞೆ ಮಾಡಿದರು. ಈರುಳ್ಳಿ ಮಂಡಿಯವನು ಜೇಬಿಗೆ ಕೈ ಹಾಕಿ ಅಯಸ್ಕಾಂತವನ್ನು ತಡಕಿಕೊಂಡ. ಅತ್ತೆ ಮಾತ್ರ ಸೀಟಿಗೆ ಒರಗಿ ನೆಟ್ಟಗೆ ಕೂತು, "ಮನೆಗೆ ಹೋಗೋಣ" ಎಂದರು. ದಾರಿಯುದ್ದಕ್ಕೂ ಒಮ್ಮೆಯೂ ಬಗ್ಗಲಿಲ್ಲ. ಕಾರು ಸದ್ದಿಲ್ಲದೆ ಮನೆ ಸೇರಿತು. ಅಷ್ಟು ದಿನ ಯಾವ ನಿಶ್ಶಬ್ದಕ್ಕಾಗಿ ಒದ್ದಾಡಿದ್ದರೋ ಅದು ಸಿಕ್ಕಾಗ ಸಾಹೇಬರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಆಮೇಲೆ ಎಂಟು ದಿನ ಅತ್ತೆ ಕಾರು ಹತ್ತಲಿಲ್ಲ. ಕೋಪ ಮಾಡಲಿಲ್ಲ, ಊಟ ಬಿಡಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಸಂಜೆ ಮಾತ್ರ ಚಪ್ಪಲಿ ಮೆಟ್ಟಲಿಲ್ಲ. ಹೆಂಡತಿ ಸಾಹೇಬರಿಗೆ ಲೋಟ ಕುಕ್ಕಿ ಕಾಫಿ ಕೊಟ್ಟಳು. ಸಾಹೇಬರು ಕಚೇರಿಗೆ ನಾಲ್ಕು ಪುಟ ವಿವರಣೆ ಬರೆದರು. ಮನೆಗೆ ಒಂದು ಸಾಲು ಬರೆಯಲೂ ಧೈರ್ಯವಾಗಲಿಲ್ಲ. ಮೇಸ್ತ್ರಿ ಸಸ್ಪೆನ್ಶನ್ನಿನ ಎತ್ತರ ತಗ್ಗು ಮಾಡುವ ಬಳೆಯನ್ನು ಎರಡು ಸುತ್ತು ತಿರುಗಿಸಿ ಕಾರಿನ ಹಿಂಭಾಗವನ್ನು ಬೆರಳಗಲ ಎತ್ತರಿಸಿದ. ಸದ್ದಿಗೆ ಮುಕ್ತಾಯ ಹಾಡಿ, "ಇನ್ನು ಊರಿನ ಅತ್ತೆಯರೆಲ್ಲ ಕೂತು ಬಗ್ಗಿದ್ರೂ ತಾಗಲ್ಲ" ಎಂದು ಭರವಸೆ ಕೊಟ್ಟ.

ಆರು ತಿಂಗಳು ತುಂಬುವುದಕ್ಕೆ ಇನ್ನೂ ಬಹಳ ಇತ್ತು. ಆದರೂ ಅತ್ತೆ ದೊಡ್ಡ ಮಗಳಿಗೆ ಫೋನು ಮಾಡಿ ಬರುತ್ತೇನೆಂದರು. ಷಡ್ಡಕರು ಭಾನುವಾರ ಬೆಳಿಗ್ಗೆಯೇ ಆಳೆತ್ತರದ ಕಾರು ತಂದು, ಮರದ ಸ್ಟೂಲನ್ನು ಬಾಗಿಲ ಕೆಳಗಿಟ್ಟು, "ಏನಪ್ಪ, ಅತ್ತೆಯನ್ನೇ ತಕ್ಕಡಿಗೆ ಹಾಕಿದ್ಯಂತೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕರು. ಎದುರುಮನೆ ಡಾಕ್ಟರು ಬಹಳ ದಿನದ ಮೇಲೆ ಗೇಟು ತೆರೆದು ಹೊರಗೆ ಬಂದು ನಿಂತರು.

ಅತ್ತೆ ಕೈಚೀಲ ಹಿಡಿದು ಹೊರಬಂದರು. ಸ್ಟೂಲಿನ ತನಕ ಬಂದು ಅದನ್ನೊಮ್ಮೆ ನೋಡಿದರು. ಪಕ್ಕಕ್ಕೆ ತಿರುಗಿ, ಸಾಹೇಬರ ಕಾರಿನ ಹಿಂದಿನ ಎಡಗಡೆ ಬಾಗಿಲು ತಾವೇ ತೆಗೆದು ಜಾರಿ ಕೂತರು.

"ಒಂದು ಸುತ್ತು ಹೋಗಿ ಬಂದುಬಿಡೋಣ" ಎಂದರು. "ಇನ್ನು ಯಾವಾಗಲೋ ಏನೋ."

ಸಾಹೇಬರು ಕಾರು ಹೊರಡಿಸಿದರು. ಮೊದಲ ಸ್ಟಾಪು ಎಲ್ಲಿ ಬಂತು, ಎಲ್ಲಿ ಹೋಯಿತು ತಿಳಿಯಲಿಲ್ಲ. ಸದ್ದು ಬಂದಾಗ ನಿಧಾನ ಮಾಡಿ ಅಭ್ಯಾಸವಾಗಿದ್ದ ಕಾಲು, ಸದ್ದಿಲ್ಲದೆ ಸುಮ್ಮನೆ ದಾಟಿಬಿಟ್ಟಿತ್ತು. ಎರಡನೆಯದರಲ್ಲಿ ಅವರೇ ನೆನಪು ಮಾಡಿಕೊಂಡು ಎಡಕ್ಕೆ ತೆಗೆದುಕೊಂಡರು. ಅತ್ತೆ ಬಗ್ಗಿದರು. ಕಾರು ಮೆತ್ತಗೆ ಗುಂಡಿಗೆ ಇಳಿದು ಎದ್ದಿತು, ಅಷ್ಟೇ. ಅತ್ತೆ ನಿಧಾನವಾಗಿ ಹಿಂದಕ್ಕೆ ಒರಗಿದರು.

"ಸದ್ದು ಎಲ್ಲಿ?"

"ತೆಗೆಸಿದೆ ಅತ್ತೆ."

"ಹೌದಾ" ಎಂದು ಹಿಂದೆ ಸರಿದ ಸ್ಟಾಪಿನ ಕಡೆ ತಿರುಗಿ ನೋಡಿದರು. "ಅವರ ಬಸ್ಸು ಬಹಳ ಹಳೇದು. ಸ್ಟಾಪಿಂದ ಹೊರಡೋವಾಗ ಮೊದಲನೇ ಗೇರು ಬೀಳ್ತಾನೇ ಇರಲಿಲ್ಲ. ಗರ್‌ರ್ ಅಂತಿತ್ತು. ಊರೆಲ್ಲ ಬಯ್ಯೋರು. ನಾನು ಸಂದಿಯಲ್ಲಿ ಓಡಿ ಬರ್ತಾ ಇರೋವಾಗ ಆ ಸದ್ದು ಕೇಳಿದ್ರೆ ತಪ್ಪಿತು ಅಂತ ಲೆಕ್ಕ, ಮುಂದಿನ ಸ್ಟಾಪಿಗೆ ಓಡ್ತಿದ್ದೆ. ನಿಮ್ಮ ಕಾರಲ್ಲಿ ಅದೇ ಸದ್ದು, ಅದೇ ಜಾಗದಲ್ಲಿ ಬಂತು. ನೀವು ಯಾರನ್ನೋ ಕೇಳಿ ತಿಳ್ಕೊಂಡು, ನನಗೋಸ್ಕರ ಬೇಕಂತಲೇ ಮಾಡಿಸಿದೀರಿ ಅಂದ್ಕೊಂಡೆ. ತೂಗಿದ್ದಕ್ಕೆ ಬೇಜಾರಿಲ್ಲ. ಆ ಸದ್ದು ತಾನಾಗೇ ಬಂದಿದ್ದು ಅಂತ ಗೊತ್ತಾಯ್ತಲ್ಲ, ಅದಕ್ಕೆ ಬೇಜಾರು. ಹುಚ್ಚು ನೋಡಿ ನನ್ನದು."

ಸಾಹೇಬರ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಗೊತ್ತು, ಅದಕ್ಕೇ ಮಾಡಿ... ಡಾಕ್ಟರಿಗೆ ಹೇಳಿದ ಹಾಗೆ, ಷಡ್ಡಕರಿಗೆ ಹೇಳಿದ ಹಾಗೆ ಸಲೀಸಾಗಿ ಬರುವ ಮಾತು. ಇಪ್ಪತ್ತನಾಲ್ಕು ವರ್ಷದ ಪಾಪ ಒಂದೇ ಏಟಿಗೆ ಹೋಗುತ್ತಿತ್ತು. ಸಾಹೇಬರು ಅದನ್ನು ನುಂಗಿಕೊಂಡರು.

"ನನಗೆ ಗೊತ್ತಿರಲಿಲ್ಲ ಅತ್ತೆ" ಎಂದರು. "ಸತ್ಯವಾಗ್ಲೂ ಏನೂ ಗೊತ್ತಿರಲಿಲ್ಲ. ಸದ್ದು ಹೋಗಲಿ ಅಂತಲೇ ಕರ್ಕೊಂಡು ಬಂದೆ. ಆಮೇಲಾಮೇಲೆ ನಿಮ್ಮ ಮಾತು ಕೇಳೋಕೆ ಬಂದೆ."

ಸಾಹೇಬರು ಮುಂದಿನ ತಿರುವಿನಲ್ಲಿ ಪೇಟೆ ಬೀದಿ ಬಿಟ್ಟು ಗ್ಯಾರೇಜಿನ ಕಡೆ ಕಾರು ತಿರುಗಿಸಿದರು. ಮೇಸ್ತ್ರಿ ಭಾನುವಾರವೆಂದು ಶಟರು ಅರ್ಧ ಎಳೆದು ಒಳಗೆ ಪತ್ರಿಕೆ ಓದುತ್ತಿದ್ದ.

"ಎರಡು ಸುತ್ತು ಇಳಿಸು" ಎಂದರು ಸಾಹೇಬರು.

"ಮತ್ತೆ ಸದ್ದು ಬರುತ್ತೆ."

"ಬರಬೇಕು."

ಮೇಸ್ತ್ರಿ ಪತ್ರಿಕೆ ಮಡಿಸಿದ. "ಮೂವತ್ತು ವರ್ಷದಿಂದ ಸದ್ದು ತೆಗಿ ಅಂತ ಬಂದೋರನ್ನೇ ನೋಡಿದೀನಿ. ಹಾಕು ಅಂತ ಬಂದೋರು ನೀವೇ ಮೊದಲು. ಎಷ್ಟು ಹಾಕ್ಲಿ?"

"ಮೊದಲಿದ್ದಷ್ಟೇ. ಹೆಚ್ಚೂ ಬೇಡ, ಕಡಿಮೇನೂ ಬೇಡ" ಎಂದರು ತೂಕದ ಇಲಾಖೆಯವರು.

"ಟೈರು ಸವೆಯುತ್ತೆ ಸಾಹೇಬ್ರೆ."

"ಏಳು ಜಾಗದಲ್ಲಿ ತಾನೇ. ಸವೀಲಿ."

ಇಬ್ಬರೂ ಸೇರಿ ಎಬ್ಬಿಸಿ ಇಳಿಸಿದ ಅತ್ತೆ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದರು. ಕೆಲಸ ಮುಗಿದು ಮತ್ತೆ ಕಾರಿನಲ್ಲಿ ಕೂರುವಾಗ, "ನನ್ನ ತೂಕ ಅರವತ್ತಾರು. ಆಸ್ಪತ್ರೆಯಲ್ಲಿ ನೋಡಿದಾರೆ. ನಿಮ್ಮ ಕಣ್ಣಳತೆ ಒಂದೂವರೆ ಕಿಲೋ ಜಾಸ್ತಿ" ಎಂದರು.

"ಕೈಚೀಲ ಸೇರಿ ಅತ್ತೆ" ಎಂದರು ಸಾಹೇಬರು ವಿನಯದಿಂದ.

ಅತ್ತೆ ಕೈಚೀಲವನ್ನು ತೊಡೆಯ ಮೇಲಿಟ್ಟು ಕೈಯಲ್ಲೇ ತೂಗಿ ನೋಡಿದರು. ಆಮೇಲೆ ನಕ್ಕರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

ಮೊದಲ ಸ್ಟಾಪಿಗೆ ಹೋಗುವ ದಾರಿಯಲ್ಲಿ ಸಾಹೇಬರ ಫೋನು ಹೊಡೆದುಕೊಂಡಿತು. ಷಡ್ಡಕರು. ಬಿಸಿಲಲ್ಲಿ ಸ್ಟೂಲು ಹಿಡಿದುಕೊಂಡು ನಿಂತಿದ್ದೇನೆ, ಇನ್ನೆಷ್ಟು ಹೊತ್ತು ಎಂದು ಅವರ ದನಿ ಕಾರಿನ ತುಂಬ ಕೇಳಿಸಿತು. ಸಾಹೇಬರು ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದರು.

"ಏಳೂ ಆಗ್ಲಿ" ಎಂದರು ಅತ್ತೆ. "ಆಮೇಲೆ ಮನೆಗೇ ಹೋಗೋಣ, ಆರು ತಿಂಗಳು ತುಂಬ್ಲಿ. ಅವರಿಗೆ ನಾನು ಹೇಳ್ತೀನಿ." ಸ್ವಲ್ಪ ತಡೆದು, "ಅಷ್ಟು ದೂರದಿಂದ ಬಂದಿದಾರೆ, ಪಾಪ" ಎಂದರು.

ಆ ಪದ ಇಪ್ಪತ್ತನಾಲ್ಕು ವರ್ಷದ ಮೇಲೆ ಮನೆ ಬದಲಾಯಿಸಿದ್ದನ್ನು ಸಾಹೇಬರು ಎರಡೂ ಕಿವಿಯಲ್ಲಿ ಕೇಳಿದರು. ಹಳೇ ಅಂಚೆ ಕಚೇರಿ ಬಂದಿತ್ತು. ಕಾರನ್ನು ಎಡಕ್ಕೆ ತೆಗೆದು ಗುಂಡಿಗೆ ಇಳಿಸಿದರು. ಅತ್ತೆ ಕಿಟಕಿಗೆ ಬಗ್ಗಿದರು. ಗರ್‌ರ್‌ರ್ ಎಂದಿತು. ಸಾಹೇಬರು ಬ್ರೇಕು ಒತ್ತಿ ಕಾರನ್ನು ಪೂರ್ತಿ ನಿಲ್ಲಿಸಿ, ಸುಮ್ಮನೆ ಕಾದರು. ಹಿಂದೆ ಯಾರೋ ಹಾರನ್ ಹೊಡೆದರು, ಹೊಡೆಯಲಿ.

ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಕಾರಿನ ಬಾಗಿಲ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು. ಸಾಹೇಬರು ಕನ್ನಡಿಯಲ್ಲಿ ಒಮ್ಮೆ ನೋಡಿ, ಗಾಡಿ ಬಿಟ್ಟರು.